ಗೋಧಿ ಹೊಲದ ವೃತ್ತವೂ ಕಾವಲುಗಾರನ ‘ಭ್ರಮೆ’ಯೂ

ದಾಖಲೆ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ಮೂರು ವರ್ಷ ಮುಚ್ಚಿಟ್ಟದ್ದನ್ನು ಈ ಪತ್ರಿಕೆಯ ಮೂಲಕ ಎಲ್ಲರೆದುರು ಮೊದಲೇ ಹೇಳಿಬಿಡುತ್ತೇನೆ. ಸಂಶೋಧನಾ ಕೇಂದ್ರದ ಗೋಧಿ ಹೊಲದಲ್ಲಿ ಮೂಡಿದ ಆ ದೊಡ್ಡ ವೃತ್ತವನ್ನು ಮಾಡಿದವನು ನಾನು. ಒಂದು ಗೂಟ, ಒಂದು ಹಗ್ಗ, ಪೈರು ಮಲಗಿಸಲು ಒಂದು ಹಲಗೆ. ಟ್ರ್ಯಾಕ್ಟರ್ ಚಕ್ರದ ಜಾಡಿನಲ್ಲೇ ನಡೆದುಹೋದೆ, ಹೆಜ್ಜೆ ಗುರುತು ಬೀಳಲಿಲ್ಲ. ಭಾನುವಾರ ಬೆಳಗಿನ ಮಂಜು ಕರಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಯಾಕೆ ಮಾಡಿದೆ? “ನೆಟ್ಟಗೆ ಒಂದು ವೃತ್ತ ಬರೆಯೋಕೆ ಬರಲ್ಲ, ನೀನ್ಯಾಕೋ ಶಾಲೆಗೆ ಬರ್ತೀಯ?” ಎಂದು ಗಣಿತದ ಮೇಷ್ಟ್ರು ಕೇಳಿದ್ದರು. ಶಾಲೆ ಬಿಟ್ಟೆ. ವೃತ್ತ ಬರೆದೆ.

ಹೊಲದ ವೃತ್ತಗಳ ಹಳೆಯ ವರದಿಗಳನ್ನೆಲ್ಲ ಸೇರಿಸಿ, ಮರುವರ್ಷವೇ ತಾವು ಹೊರತಂದ ಪುಸ್ತಕವನ್ನು ಓದಿದ್ದೇನೆ. ಎಷ್ಟು ಉದಾರ ಮನಸ್ಸು ತಮ್ಮದು! ದೆವ್ವ ಕುಣಿದವು ಎಂದವರಿಗೆ ಅರ್ಧ ಪುಟ, ಬೂಷ್ಟು ರೋಗ ಎಂದವರಿಗೆ ಎರಡು, ಗೊಬ್ಬರ ಹೆಚ್ಚಾಗಿ ಪೈರು ಒರಗಿತು ಎಂದವರಿಗೆ ನಾಲ್ಕು, ಆಕಾಶದಿಂದ ಯಾರೋ ಇಳಿದರು ಎಂದವರಿಗೆ ಬಣ್ಣದ ಚಿತ್ರಗಳ ಸಮೇತ ಒಂದು ಅಧ್ಯಾಯ. ನಮ್ಮ ಹೊಲದ ಪಾಲಿಗೆ ಬಂದದ್ದು ಸುಂಟರಗಾಳಿ. ನಟ್ಟನಡುವೆ ಇದ್ದ ಗೂಟದ ಗುಳಿ ತಮ್ಮ ತಜ್ಞರ ಕಣ್ಣಿಗೆ ‘ಸುಂಟರಗಾಳಿಯ ತುದಿ ಊರಿದ ಜಾಗ’ವಾಗಿ ಕಂಡಿತು. ಗಾಳಿ ಯಾವಾಗಿನಿಂದ ಊರುಗೋಲು ಹಿಡಿದು ನಡೆಯುತ್ತಿದೆ, ಸ್ವಾಮಿ?

ಒಬ್ಬನೇ ಒಬ್ಬ ನಿಜ ಹೇಳಿದ. ಆ ಹೊಲದ ಕಾವಲುಗಾರ, ನನ್ನ ಸೋದರಮಾವ. “ಇದು ಗೂಟದ ಗುಳಿ ಸಾರ್, ಮನುಷ್ಯರೇ ಮಾಡಿರೋದು” ಎಂದ. ದೆವ್ವಕ್ಕೂ ಜಾಗ ಕೊಟ್ಟ ಪುಸ್ತಕದಲ್ಲಿ ಅವನಿಗೆ ದಕ್ಕಿದ್ದು ಒಂದು ಅಡಿಟಿಪ್ಪಣಿ: ‘ಕಾವಲುಗಾರನು ಭ್ರಮೆಗೆ ಒಳಗಾದಂತಿದೆ.’ ಕೆಲಸದಿಂದ ತೆಗೆಯಲು ಅಷ್ಟೇ ಸಾಕಾಯಿತು. ಬೇರೆ ಕಡೆ ಕೆಲಸ ಕೇಳಿದರೆ, “ಈಗ ತಲೆ ಸರಿ ಇದೆಯೇನಪ್ಪಾ?” ಎಂದು ನಗುತ್ತಾರೆ. ಅದನ್ನು ಕೇಳಿಸಿಕೊಂಡೂ ನಾನು ಅವನ ಮನೆಯಲ್ಲೇ ಉಂಡೆ.

ಮೊನ್ನೆ ಬಾಯಿಬಿಟ್ಟೆ. ಮಾವ ಕಿತ್ತುಹೋದ ಚಪ್ಪಲಿ ಹೊಲಿಯುತ್ತಿದ್ದ, ತಲೆ ಎತ್ತಲಿಲ್ಲ.

“ಗೊತ್ತು ಕಣೋ. ನಮ್ಮ ಮೇಕೆ ಗೂಟಕ್ಕೆ ಗೋಧಿ ಹೊಲದ ಮಣ್ಣು ಮೆತ್ತಿತ್ತು.”

“ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ ಮಾವ?”

“ಯಾರು ಮಾಡಿದ್ದು ಅಂತ ಅವರು ಕೇಳಲೇ ಇಲ್ವಲ್ಲೋ.”

ಅತ್ತೆ ನಗಲಿಲ್ಲ. “ಮೂರು ವರ್ಷ ಗಂಟಲಲ್ಲಿ ಅನ್ನ ಹೇಗೋ ಇಳೀತು ನಿಂಗೆ?” ಎಂದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಆ ಅಡಿಟಿಪ್ಪಣಿಯನ್ನು ಹೊಡೆದುಹಾಕಿ. ಕಾವಲುಗಾರ ಹೇಳಿದ್ದೇ ನಿಜ ಎಂದು ಅಚ್ಚು ಹಾಕಿಸಿ, ಪ್ರತಿಯೊಂದು ಪುಸ್ತಕಕ್ಕೂ ಅಂಟಿಸಿ. ಅವನ ಕೆಲಸ ಅವನಿಗೆ ಕೊಡಿಸಿ. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ. ಹೊಸ ವಿಳಾಸವನ್ನು ಈ ಪತ್ರಿಕೆಯ ಕಚೇರಿಯಲ್ಲಿ ಬರೆಸಿದ್ದೇನೆ. ಹಡಗುಕಟ್ಟೆಯ ಉಗ್ರಾಣವೊಂದರಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿದೆ. ನಾಳೆ ಬೆಳಗ್ಗೆ ಹೊರಡುತ್ತೇನೆ.

ಇಂತಿ,
ಬಾಯಿಬಿಡಲು ತಡಮಾಡಿದ ಸೋದರಳಿಯ