ನೀರು ಹೋಗುತ್ತಿರುವ ಪೈಪು

ಅಪ್ಪನಿಗೆ,

ಸೋದರತ್ತೆಯ ಮನೆಯಲ್ಲಿದ್ದೇನೆ. ನೀನು ಸ್ಪ್ಯಾನರ್ ಬೀಸಿದ ಮೇಲೆ ನನ್ನ ದವಡೆ ಇನ್ನೂ ಪೂರ್ತಿ ತೆರೆಯುತ್ತಿಲ್ಲ. ನಾನು ಗುದ್ದಿದ ನಿನ್ನ ಪಕ್ಕೆಲುಬು ಹೇಗಿದೆ? ಗುದ್ದಿದ್ದಕ್ಕೆ ಬೇಸರವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೆಳಗೆ ಬಿದ್ದವನನ್ನು ಒದ್ದೆನಲ್ಲ, ಅದಕ್ಕೆ ಮಾತ್ರ ಕ್ಷಮಿಸು.

ನಾನು ಹೇಳಿದ್ದಾದರೂ ಏನು? ಕಕ್ಕಸಿನಲ್ಲಿ ನಿನ್ನ ರಕ್ತ ಕಂಡೆ, ತಾತ ಸತ್ತದ್ದೂ ಕರುಳಿನ ಕ್ಯಾನ್ಸರಿನಿಂದಲೇ, ಪರೀಕ್ಷೆ ಮಾಡಿಸು ಎಂದೆ. "ನೀರು ಹೋಗ್ತಿರೋ ಪೈಪನ್ನ ಯಾವನಾದ್ರೂ ಬಿಚ್ತಾನೇನೋ, ಸ್ಕೂಲು ಬಿಟ್ಟ ಡಾಕ್ಟ್ರೇ?" ಎನ್ನುತ್ತಲೇ ನೀನು ಸ್ಪ್ಯಾನರ್ ಬೀಸಿದೆ.

ನೀರು ಹೋಗುತ್ತಿರುವಾಗಲೇ ಚರಂಡಿ ಪೈಪಿನೊಳಗೆ ಬೇರು ಇಳಿಯುತ್ತದೆ ಎಂದು ಕೊಳಾಯಿ ಕೆಲಸದ ಮೊದಲ ದಿನ ಕಲಿಸಿದವನೂ ನೀನೇ. ಕರುಳಿನೊಳಗಿನ ಗಂಟೂ ಹಾಗೆಯೇ, ಅದಕ್ಕೆ ಪಾಲಿಪ್ ಅನ್ನುತ್ತಾರಂತೆ. ಎಲ್ಲವೂ ಕೆಡುವುದಿಲ್ಲ. ಕೆಲವು ಮಾತ್ರ ವರ್ಷಗಟ್ಟಲೆ ಸುಮ್ಮನಿದ್ದು ಕ್ಯಾನ್ಸರ್ ಆಗುತ್ತವೆ. ಮೊದಲೇ ಸಿಕ್ಕರೆ ಕತ್ತರಿಸಿ ತೆಗೆಯುತ್ತಾರೆ.

ಬುಧವಾರ ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಹಿಂದಿನ ದಿನ ಗಟ್ಟಿ ಪದಾರ್ಥ ತಿನ್ನಬೇಡ. ಹೊಟ್ಟೆ ತೊಳೆಯುವ ಔಷಧಿಯನ್ನು ಅತ್ತೆ ತರುತ್ತಾಳೆ. ಅವಳ ಮೇಲೆ ಕೈ ಎತ್ತಿದರೆ ಇನ್ನೊಂದು ಪಕ್ಕೆಲುಬೂ ಉಳಿಯುವುದಿಲ್ಲ.

ಆ ದಿನ ಒಂದು ಮಾತು ಮುಚ್ಚಿಟ್ಟಿದ್ದೆ. ನನಗೂ ರಕ್ತ ಬೀಳುತ್ತಿತ್ತು. ನಿನ್ನೆ ಪರೀಕ್ಷೆ ಮಾಡಿ ಎರಡು ಗಂಟು ತೆಗೆದರು, ಅವನ್ನು ಲ್ಯಾಬಿಗೆ ಕಳಿಸಿದ್ದಾರೆ. ನಿನ್ನ ಏಟಿನಷ್ಟು ನೋಯಲಿಲ್ಲ.

ಸ್ಪ್ಯಾನರ್ ಮನೆಯಲ್ಲೇ ಬಿಟ್ಟು ಬಾ. ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿರುತ್ತೇನೆ.

ನಿನ್ನ ಮಗ