ಪಾಸಿಂಗ್ ಟೈರಿನ ಕೂದಲು

ವಾಹನಗಳ ಅರ್ಹತೆ ಪರೀಕ್ಷಿಸಿ ಸಹಿ ಹಾಕುವ ಮಾನ್ಯ ನಿರೀಕ್ಷಕರೇ,

ನನ್ನ ತಂದೆ ಮುರ್ತುಜಾ ಅವರ ಲೈಸೆನ್ಸನ್ನು ಯಾಕೆ ರದ್ದು ಮಾಡಬಾರದು ಎಂದು ನಿಮ್ಮ ಕಚೇರಿ ನೋಟಿಸು ಕಳಿಸಿದೆ. ಅದಕ್ಕೆ ಆಧಾರ ನಿಮ್ಮದೇ ವರದಿ: 'ಟೈರುಗಳು ಉತ್ತಮ ಸ್ಥಿತಿಯಲ್ಲಿವೆ, ಅಪಘಾತಕ್ಕೆ ಚಾಲಕನ ಅಜಾಗರೂಕತೆಯೇ ಕಾರಣ.' ಟೈರುಗಳು ಉತ್ತಮವಾಗಿವೆ ಎಂಬುದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಇಷ್ಟೇ: ಅಪಘಾತವಾದಾಗ ಆ ಟೈರುಗಳು ಆ ಕಾರಿನಲ್ಲಿ ಇರಲಿಲ್ಲ.

ನಾನು ಇಂಜಿನಿಯರಿಂಗ್ ಮೊದಲ ವರ್ಷದವಳು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಓದಿದವಳು. ಅಲ್ಲಿ ನಮಗೆ ಕನ್ನಡದಲ್ಲಿ ಕಲಿಸಿದ ಪತ್ರಗಳು ಎರಡೇ, ರಜೆ ಕೇಳುವುದು ಮತ್ತು ಕ್ಷಮೆ ಕೇಳುವುದು. ಆದ್ದರಿಂದ ನಡುವೆ ಎಲ್ಲಾದರೂ ನಾನು ಸಾರಿ ಎಂದರೆ ಅದನ್ನು ಅಭ್ಯಾಸಬಲ ಎಂದು ತಿಳಿಯಬೇಕು, ತಪ್ಪೊಪ್ಪಿಗೆ ಎಂದಲ್ಲ.

ಅಬ್ಬಾ ಅಫಜಲಪುರದ ಸಾವ್ಕಾರರೊಬ್ಬರ ಬಾಡಿಗೆ ಕಾರು ಓಡಿಸುತ್ತಾರೆ. ಹೆಸರು ಬರೆಯಬೇಡ ಎಂದು ಅಬ್ಬಾ ಕೈಮುಗಿದಿದ್ದರಿಂದ ಬರೆದಿಲ್ಲ. ಕಳೆದ ತಿಂಗಳು ಜೋರು ಮಳೆಯ ಮಧ್ಯಾಹ್ನ, ಗಾಣಗಾಪುರಕ್ಕೆ ಹೊರಟವರನ್ನು ಹತ್ತಿಸಿಕೊಂಡು ಹೋಗುವಾಗ, ಚೌಡಾಪುರ ಇನ್ನೇನು ಬಂತು ಅನ್ನುವಲ್ಲಿ ರಸ್ತೆಯ ಮೇಲೆ ನೀರು ನಿಂತಿತ್ತು. ಕಾರು ಬ್ರೇಕಿಗೆ ನಿಲ್ಲಲಿಲ್ಲ, ಸ್ಟೇರಿಂಗಿಗೆ ತಿರುಗಲಿಲ್ಲ. ನೇರ ತೊಗರಿ ಹೊಲಕ್ಕೆ ಇಳಿಯಿತು. ಹಿಂದಿನ ಸೀಟಿನಲ್ಲಿದ್ದ ಶರಣಬಸಮ್ಮ ಎಂಬ ಹಿರಿಯರ ಮುಂಗೈ ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಲೇ ಅವರು ಕೇಳಿದರು: "ಏ ಮುರ್ತುಜಾ, ಗಾಣಗಾಪುರಕ್ ಒಯ್ಯೋ ಅಂದ್ರ ತೊಗರಿ ಹೊಲದಾಗ ಒಯ್ದೆಲ್ಲೋ! ನಾ ಏನ್ ಕಳೆ ತೆಗಿಲಾಕ ಬಂದಿದ್ನೇನು?"

"ನಾ ಒಯ್ದಿಲ್ರಿ ಯವ್ವಾ. ಗಾಡೀನ ಹೋಯ್ತ್ರಿ."

"ಹ್ಞೂಂ, ಗಾಡೀಗಿ ಕಳೆ ಕಂಡಿತ್ತೇನೋ."

ಠಾಣೆಯಲ್ಲೂ ಅಬ್ಬಾ ನಿಜವನ್ನೇ ಹೇಳಿದರು: "ಸ್ಟೇರಿಂಗ್ ಒಮ್ಮಿಗಲೇ ಹಗುರಾಯ್ತ್ರಿ ಸಾಹೇಬ್ರ. ಕೈಯಾಗ ಏನೂ ಇಲ್ಲದಂಗ." ಬರೆದುಕೊಳ್ಳುತ್ತಿದ್ದ ಪೊಲೀಸರು ಪೆನ್ನು ಕೆಳಗಿಟ್ಟು, "ಹಗುರಾಗ್ಲಾಕ ಅದೇನ್ ಹತ್ತಿ ಮೂಟೀನೇನೋ?" ಎಂದು ನಕ್ಕರಂತೆ.

ಅವರು ನಗಬಹುದು, ನೀವು ನಗುವಂತಿಲ್ಲ. ನೀವು ಇದನ್ನೇ ಓದಿ ಆ ಕುರ್ಚಿಗೆ ಬಂದವರು. ಟೈರಿನ ಮೇಲಿನ ಗೀರುಗಳು ಅಂದಕ್ಕೆ ಕೊರೆದ ರಂಗೋಲಿ ಅಲ್ಲವಷ್ಟೆ? ಮಳೆಯಲ್ಲಿ ಟೈರಿಗೂ ರಸ್ತೆಗೂ ನಡುವೆ ಸಿಕ್ಕಿದ ನೀರು ಎಲ್ಲಿಗಾದರೂ ಹೋಗಬೇಕು. ಸುತ್ತ ಉದ್ದಕ್ಕೆ ಇರುವ ಗೀರುಗಳು ಅದನ್ನು ತುಂಬಿಕೊಳ್ಳುತ್ತವೆ, ಓರೆಯಾಗಿ ಅಂಚಿಗೆ ಹೋಗುವ ಗೀರುಗಳು ಪಕ್ಕಕ್ಕೆ ಎಸೆಯುತ್ತವೆ. ಹೊಲದ ನೀರು ಹೊರಗೆ ಹಾಕಲು ಕಾಲುವೆ ತೆಗೆದ ಹಾಗೆ. ಗೀರು ಸವೆದುಹೋದರೆ ನೀರಿಗೆ ದಾರಿಯಿಲ್ಲ. ವೇಗದಲ್ಲಿ ಅದು ಬೆಣೆಯಂತೆ ಟೈರಿನ ಕೆಳಗೇ ನುಗ್ಗಿ ಗಾಡಿಯನ್ನು ಎತ್ತಿಬಿಡುತ್ತದೆ. ಟೈರು ರಸ್ತೆಯನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಸ್ಟೇರಿಂಗ್ ಹಗುರಾಗುತ್ತದೆ. ನಾನು ಓದಿದ ಪುಸ್ತಕದಲ್ಲಿ ಇದಕ್ಕೆ ಹೈಡ್ರೋಪ್ಲೇನಿಂಗ್ ಎಂದು ಹೆಸರು, ನಿಮ್ಮ ವರದಿಯಲ್ಲಿ ಅಜಾಗರೂಕತೆ ಎಂದು. ತಳ ಸವೆದ ಚಪ್ಪಲಿ ಮೆಟ್ಟಿ ಹಾಸ್ಟೆಲಿನ ಬಚ್ಚಲಿಗೆ ಓಡಿದ ಯಾವ ಹುಡುಗಿಗೂ ಇದನ್ನು ಕಲಿಸಬೇಕಾಗಿಲ್ಲ. ನಮ್ಮ ವಾರ್ಡನ್ ಕೂಡ ಅದನ್ನು ಅಜಾಗರೂಕತೆ ಎಂದೇ ಕರೆಯುತ್ತಿದ್ದರು ಅನ್ನುವುದು ಬೇರೆ ಮಾತು.

ಅಬ್ಬಾ ಇನ್ನೂ ನಿಧಾನ ಹೋಗಬಹುದಿತ್ತು. ಅದನ್ನು ನಾನು ಅವರ ಮುಂದೆಯೇ ಹೇಳಿದ್ದೇನೆ, ಅವರು ತಲೆ ತಗ್ಗಿಸಿದರು. ಆದರೆ ಅವತ್ತು ಕಾರಿನಲ್ಲಿದ್ದ ಟೈರುಗಳು ರೊಟ್ಟಿ ಹಂಚಿನಷ್ಟು ನುಣುಪಾಗಿದ್ದವು. ಹಾಗಾದರೆ ನೀವು ನೋಡಿದವು ಯಾವುವು?

ನಿಮಗೆ ಗೊತ್ತಿಲ್ಲದಿದ್ದರೆ (ಗೊತ್ತಿಲ್ಲ ಎಂದೇ ನಂಬಲು ಪ್ರಯತ್ನಿಸುತ್ತಿದ್ದೇನೆ) ಹೇಳುತ್ತೇನೆ. ನಮ್ಮ ಕಡೆ ಟೈರ್ ಅಂಗಡಿಯೊಂದರಲ್ಲಿ ನಾಲ್ಕು ಒಳ್ಳೆಯ ಟೈರು ಸದಾ ಸಿದ್ಧವಿರುತ್ತವೆ. ಅದೇ ಅಳತೆಯ ಯಾವ ಕಾರಿನ ತಪಾಸಣೆ, ನಮ್ಮವರ ಬಾಯಲ್ಲಿ 'ಪಾಸಿಂಗ್', ಬಂದರೂ ಅವುಗಳನ್ನು ಹಾಕುತ್ತಾರೆ. ನೀವು ನೋಡುತ್ತೀರಿ, ಸಹಿ ಆಗುತ್ತದೆ, ಬಿಚ್ಚಿ ಹಳೆಯವನ್ನೇ ಹಾಕುತ್ತಾರೆ. ನಾನು ಅಂಗಡಿಯ ಕಾಕಾನನ್ನೇ ಕೇಳಿದೆ, "ಕಾಕಾ, ಇವು ಯಾರ ಟೈರ್ ರೀ?"

"ಯಾರವೂ ಅಲ್ಲ ಬೇ. ಪಾಸಿಂಗಿನವು."

"ಮತ್ತ ರೋಡಿನ ಮ್ಯಾಲ ಓಡೋವು?"

"ಅವು ಓಡ್ತಾವ. ಓಡೋವ್ನ ಯಾರ್ ನೋಡ್ತಾರ?"

ಅಪಘಾತದ ಕಾರನ್ನು ಟ್ರ್ಯಾಕ್ಟರಿನಿಂದ ಎಳೆದು ಠಾಣೆಗೆ ತರುವ ದಾರಿಯಲ್ಲಿ, ಠಾಣೆಗೆ ಹತ್ತಿರವೇ ಇರುವ ಅದೇ ಅಂಗಡಿಯ ಮುಂದೆ ನಿಲ್ಲಿಸಿದ್ದರು. ಟೈರು ಬದಲಾಯಿಸಲು ನಟ್ಟು ಬಿಚ್ಚಿದ್ದು ಯಾರು ಗೊತ್ತೇ? ನನ್ನ ಅಬ್ಬಾ. ಸಾವ್ಕಾರರು ಹೇಳಿದರು, ಅವರು ಮಾಡಿದರು, ಪ್ರತಿ ವರ್ಷ ಮಾಡಿದಂತೆ. ತನ್ನ ಪರವಾಗಿದ್ದ ಒಂದೇ ಸಾಕ್ಷಿಯನ್ನು ತನ್ನ ಕೈಯಾರೆ ಬಿಚ್ಚಿ ಅಂಗಡಿಯ ಮೂಲೆಗೆ ಒರಗಿಸಿ ಬಂದರು.

ಮರುದಿನ ನೀವು ಬಂದು ಟೈರುಗಳನ್ನು ಕೈಯಿಂದ ಸವರಿ ನೋಡಿದಿರಂತೆ. ಅಂಗೈಗೆ ಏನೂ ಚುಚ್ಚಲಿಲ್ಲವೇ? ಹೊಸ ಟೈರಿನ ಮೇಲೆ ರಬ್ಬರಿನ ಸಣ್ಣ ಕೂದಲು ಇರುತ್ತವೆ, ರಸ್ತೆಯ ಮೇಲೆ ಓಡಿದರೆ ಮೊದಲು ಉದುರುವವು ಅವೇ. ಠಾಣೆಯಲ್ಲಿ ನಿಂತಿರುವ ಕಾರಿನ ಟೈರುಗಳಲ್ಲಿ, ನೆಲಕ್ಕೆ ತಾಗುವ ಕಡೆಯೇ, ಅವು ಇನ್ನೂ ನೆಟ್ಟಗೆ ನಿಂತಿವೆ, ಈಗಷ್ಟೇ ಮೀಸೆ ಚಿಗುರಿದಂತೆ. ಬಾಗಿಲ ಹಿಡಿಕೆಯವರೆಗೆ ಎರೆಮಣ್ಣು ಮೆತ್ತಿಕೊಂಡ ಕಾರಿಗೆ ಗೀರಿನಲ್ಲಿ ಒಂದು ಚೂರೂ ಮಣ್ಣಿಲ್ಲದ ಟೈರುಗಳು! ಹೊಲಕ್ಕೆ ಅವು ಹಾರಿಕೊಂಡು ಹೋಗಿದ್ದವೇ?

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅಚ್ಚಾದ ದಿನ ಅಬ್ಬಾರ ಕೆಲಸ ಹೋಗುತ್ತದೆ. ಅವರು ಬೇಡ ಅಂದರು. ನಾನೂ ಹೆದರಿ ಎರಡು ಸಲ ಹರಿದು ಹಾಕಿದೆ. ಅಮ್ಮಿ ಮಾತ್ರ ಅಡುಗೆ ಮನೆಯಿಂದಲೇ ಹೇಳಿದರು: "ನೌಕರಿ ಹೋದ್ರ ಇನ್ನೊಬ್ಬರ ಗಾಡಿ ಸಿಗ್ತದ. ಲೈಸೆನ್ಸ್ ಹೋದ್ರ ಯಾರ ಗಾಡೀನೂ ಸಿಗಲ್ಲ. ಬರಿ."

ಆದ್ದರಿಂದ ಕೇಳುತ್ತಿದ್ದೇನೆ. ಠಾಣೆಗೆ ಇನ್ನೊಮ್ಮೆ ಹೋಗಿ ಆ ಟೈರುಗಳನ್ನು ಸವರಿ ನೋಡಿ, ಅಂಗಡಿಯ ಮೂಲೆಯಲ್ಲಿರುವ ಮಣ್ಣು ಮೆತ್ತಿದ ಹಳೆಯ ಟೈರುಗಳನ್ನೂ ನೋಡಿ, ವರದಿ ತಿದ್ದಿ, ನೋಟಿಸು ವಾಪಸು ಪಡೆಯಬೇಕು. ಇನ್ನು ಮುಂದೆ ಪ್ರತಿ ಟೈರಿನ ಮೇಲೆ ಅಚ್ಚೊತ್ತಿರುವ ನಂಬರನ್ನು ಅರ್ಹತಾ ಪತ್ರದಲ್ಲಿ ಬರೆಯಬೇಕು. ಒಂದೇ ನಂಬರು ಊರಿನ ಎಲ್ಲ ಕಾರುಗಳಲ್ಲಿ ಕಂಡರೆ ನಿಮಗೂ ಒಂದು ಡೌಟ್ ಬರಲಿ.

ದಯವಿಟ್ಟು ಬೇಗ ಹೋಗಿ, ಸರ್. ಜೇವರ್ಗಿಯ ಕಡೆಯ ಕಾರೊಂದು ಪಾಸಿಂಗಿಗೆ ಕಾಯುತ್ತಿದೆಯಂತೆ. ಆ ಟೈರುಗಳಿಗೆ ಬಿಡುವು ಕಡಿಮೆ.

ಇಂತಿ,
ನಿಮ್ಮ ವರದಿಯ ಪ್ರಕಾರ ಅಜಾಗರೂಕ ಚಾಲಕನ ಮಗಳು,
ಮಳೆ ಬಂದಾಗಲೆಲ್ಲ ಮನೆಗೆ ಫೋನ್ ಮಾಡುವ
ಮಿನಾಜ