ಸುಣ್ಣದ ಚುಕ್ಕೆ

ಅಪ್ಪಾ,

ನೀನು ಹೋದ ಮೇಲೆ ವಾಯುಪಡೆ ಮೈದಾನದ ಕೆಲಸ ನನಗೇ ಬಂತು. ಇವತ್ತು ಪದವಿ ಪರೇಡ್. ಕೆಡೆಟ್‌ಗಳು ನಿಲ್ಲುವ ಜಾಗಕ್ಕೆ ಅಳತೆಗೆಂದು ನೀನು ಗಂಟು ಹಾಕಿಟ್ಟ ಹಗ್ಗ ಹಿಡಿದು ಸುಣ್ಣದ ಚುಕ್ಕೆ ಇಟ್ಟೆ. ಕೈ ತಡೆಯದೆ, ನಿನ್ನ ಕಾಲದ ಹಾಗೆ ಮುನ್ನೂರು ಇಟ್ಟುಬಿಟ್ಟೆ. ಈ ಸಲ ಇದ್ದದ್ದು ಹದಿನೇಳೇ ಜನ.

“ಯಾರಿಗಮ್ಮಾ ಇಷ್ಟೊಂದು, ದೆವ್ವಗಳಿಗಾ? ಅಳಿಸು,” ಎಂದರು ಡ್ರಿಲ್ ಮಾಸ್ತರು.

ಬೇಕಾದ ಹದಿನೇಳು ಬಿಟ್ಟು, ಮಿಕ್ಕವನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಒರೆಸಿದೆ. ಅಳಿಸಬೇಕಾದವುಗಳಲ್ಲಿ ಮೊದಲ ಸಾಲಿನ ಕೊನೆಯ ಚುಕ್ಕೆ ಮಾತ್ರ ಉಳಿಯಿತು. ಚಿಕ್ಕವಳಿದ್ದಾಗ ನೀನು ನನ್ನನ್ನು ಅಲ್ಲಿ ನಿಲ್ಲಿಸಿ, “ಇದು ನಿನ್ನ ಜಾಗ ಕಣೇ, ಓದಿದ್ರೆ ಸಾಕು,” ಎಂದಿದ್ದೆ. ನಾನು ಶಾಲೆ ಬಿಟ್ಟುಬಿಟ್ಟೆ.

“ಅದೊಂದು ಯಾಕಮ್ಮಾ ಬಿಟ್ಟೆ?”

“ಅಳಿಸ್ತೀನಿ ಸರ್.”

ಚಪ್ಪಲಿ ಬಿಟ್ಟು ಒಂದು ಕ್ಷಣ ಅದರ ಮೇಲೆ ನಿಂತೆ, ಆಮೇಲೆ ಅಳಿಸಿದೆ. ಅಂಗಾಲು ಇನ್ನೂ ತೊಳೆದಿಲ್ಲ.